ಬೆಂಗಳೂರಿನ ಡಾಲ್ಫಿನ್‌ಗಳಲ್ಲಿ ಉಳಿದವೆಷ್ಟು?

ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಏಳುವುದಕ್ಕೆ ಸುಮಾರು ಕಾಲು ಶತಮಾನ ಮೊದಲೇ ಬೆಂಗಳೂರಿನಲ್ಲಿ ಕಾರು ತಯಾರಾಗುತ್ತಿತ್ತು. 1970ರ ದಶಕದ ಮಧ್ಯದಲ್ಲಿ ಸನ್‌ರೈಸ್ ಎಂಬ ಕಂಪನಿ ‘ಬಾದಲ್’ ಹೆಸರಿನ ಮೂರು ಚಕ್ರದ ಪುಟ್ಟ ಕಾರನ್ನು ಮಾರುಕಟ್ಟೆಗೆ ಬಿಟ್ಟಿತು. ಮುಂದೆ ಒಂದು ಚಕ್ರ, ಹಿಂದೆ ಎರಡು. ಎಂಜಿನ್ ಹಿಂಬದಿಯಲ್ಲಿ, 198 ಸಿಸಿ. ಮೈಯೆಲ್ಲ ಫೈಬರ್. ಆಟೋರಿಕ್ಷಾಕ್ಕೂ ಕಾರಿಗೂ ನಡುವೆ ಎಲ್ಲೋ ನಿಲ್ಲುವ ಈ ಗಾಡಿಗೆ ಆಮೇಲೆ ನಾಲ್ಕು ಚಕ್ರದ ತಮ್ಮನೂ ಹುಟ್ಟಿದ. 1982ರ ಹೊತ್ತಿಗೆ ಅದೇ ಕಂಪನಿ ಸಿಪಾನಿ ಆಟೋಮೊಬೈಲ್ಸ್ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ‘ಕಿಟನ್’ ಕಾರನ್ನು ಇಲ್ಲಿ ತಯಾರಿಸಲು ಮುಂದಾಯಿತು. ಬೆಂಗಳೂರಿನಲ್ಲಿ ಅದಕ್ಕಿಟ್ಟ ಹೆಸರು ‘ಡಾಲ್ಫಿನ್’. ಎರಡು ಬಾಗಿಲು, 848 ಸಿಸಿಯ ಅಲ್ಯುಮಿನಿಯಂ ಎಂಜಿನ್, ಉಕ್ಕಿನ ಚಾಸಿ, ಅದರ ಮೇಲೆ ಫೈಬರ್ ಬಾಡಿ. ಮೈ ಹಗುರವಾದ್ದರಿಂದ ಗಾಡಿ ಚುರುಕಾಗಿತ್ತು, ರ‍್ಯಾಲಿ ಓಡಿಸುವವರಿಗೆ ಹಿಡಿಸಿತ್ತು.

ಆದರೆ ಕಾಲ ಕೈಹಿಡಿಯಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಸುಮಾರು 47,500 ರೂಪಾಯಿಗೆ, ನಾಲ್ಕು ಬಾಗಿಲಿನ ಉಕ್ಕಿನ ಮೈ ಹೊತ್ತು, ಸರ್ಕಾರದ ಬಲವನ್ನು ಬೆನ್ನಿಗಿಟ್ಟುಕೊಂಡು. ಫೈಬರ್ ಎಂದರೆ ಪ್ಲಾಸ್ಟಿಕ್ ಎಂದುಕೊಂಡಿದ್ದ ಜನ ಅತ್ತ ಹೊರಳಿದರು. ಸಿಪಾನಿ ನಾಲ್ಕು ಬಾಗಿಲಿನ ‘ಮೊಂಟಾನಾ’ ತಂದಿತು, 1990ರ ದಶಕದಲ್ಲಿ ಬ್ರಿಟನ್ನಿನ ರೋವರ್ ಮಾಂಟೆಗೊ ಕಾರನ್ನೂ ಜೋಡಿಸಿ ಮಾರಿತು, ಕೊನೆಗೆ ಕಾರಿನ ಕಣದಿಂದ ಹಿಂದೆ ಸರಿಯಿತು.

ಹಳೆಯ ಕಾರುಗಳ ಹುಚ್ಚಿರುವವರು ಇಬ್ಬರು ಸೇರಿದಲ್ಲಿ ಇಂಥ ಗಾಡಿಯ ಬಗ್ಗೆ ಒಂದು ಪ್ರಶ್ನೆ ಏಳದೆ ಇರುವುದಿಲ್ಲ: ಈಗ ಎಷ್ಟು ಉಳಿದಿರಬಹುದು? ಒಬ್ಬರು ಹತ್ತು ಎನ್ನುತ್ತಾರೆ, ಇನ್ನೊಬ್ಬರು ನೂರು ಎನ್ನುತ್ತಾರೆ. ಹತ್ತಕ್ಕೂ ನೂರಕ್ಕೂ ನಡುವಿನ ಅಂತರ ಅಂದಾಜಿನ ದೋಷವೊಂದೇ ಅಲ್ಲ. ಇಬ್ಬರೂ ‘ಉಳಿದಿದೆ’ ಎಂಬ ಒಂದೇ ಮಾತಿನಿಂದ ಬೇರೆ ಬೇರೆ ಸಂಗತಿ ಹೇಳುತ್ತಿರುತ್ತಾರೆ. ಒಂದು ಕಾರು ಕಾಗದದಲ್ಲಿ ಉಳಿದಿರಬಹುದು, ವಸ್ತುವಾಗಿ ಉಳಿದಿರಬಹುದು, ಓಡುತ್ತಲೂ ಇರಬಹುದು. ಈ ಮೂರಕ್ಕೂ ಮೂರು ಬೇರೆ ಲೆಕ್ಕ ಬೇಕು. ಯಾವ ಲೆಕ್ಕವನ್ನು ಯಾರು ಒಪ್ಪುತ್ತಾರೆ ಎಂಬುದರ ಮೇಲೆ ಆ ಕಾರುಗಳ ಹಣೆಬರಹವೂ ನಿಂತಿದೆ.

ಸಾವು ದಾಖಲಾಗದ ಪುಸ್ತಕ

ಮೊದಲು ಹೊಳೆಯುವ ದಾರಿ ಆರ್‌ಟಿಓ ಕಚೇರಿಯ ದಾಖಲೆ. ಪ್ರತಿ ಕಾರಿಗೂ ನೋಂದಣಿ ಆಗಿರಲೇಬೇಕಲ್ಲ, ಎಣಿಸಿದರಾಯಿತು ಅನ್ನಿಸುತ್ತದೆ. ಆದರೆ ನಮ್ಮ ನೋಂದಣಿ ಪುಸ್ತಕ ಹುಟ್ಟನ್ನು ಬರೆದುಕೊಳ್ಳುವಷ್ಟು ನಿಷ್ಠೆಯಿಂದ ಸಾವನ್ನು ಬರೆದುಕೊಳ್ಳುವುದಿಲ್ಲ.

ಕಾನೂನಿನಲ್ಲಿ ಕೊರತೆಯಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನ ಪ್ರಕಾರ, ವಾಹನ ನಾಶವಾದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಮಾಲೀಕರು 14 ದಿನಗಳೊಳಗೆ ಅಥವಾ ಸಾಧ್ಯವಾದಷ್ಟು ಬೇಗ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಆದರೆ ಕಾರನ್ನು ಗುಜರಿಗೆ ಹಾಕಿ ಬಂದ ಮನುಷ್ಯ ಮರುದಿನ ಆರ್‌ಟಿಓ ಕಚೇರಿಯ ಸಾಲಿನಲ್ಲಿ ನಿಲ್ಲುವುದು ಅಪರೂಪ. ಹಾಗಾಗಿ ಸತ್ತ ಗಾಡಿಗಳ ಹೆಸರು ಪುಸ್ತಕದಲ್ಲಿ ಉಳಿದುಹೋಗುತ್ತದೆ. ದೆಹಲಿಯ ಐಐಟಿ ಸಂಶೋಧಕರು ಪೆಟ್ರೋಲ್ ಬಂಕುಗಳಲ್ಲಿ ಸಮೀಕ್ಷೆ ಮಾಡಿ, ರಸ್ತೆಯ ಮೇಲೆ ನಿಜಕ್ಕೂ ಓಡಾಡುವ ವಾಹನಗಳ ವಯಸ್ಸನ್ನು ನೋಂದಣಿ ಅಂಕಿಗಳ ಜೊತೆ ಹೋಲಿಸಿದಾಗ, ಪುಸ್ತಕದಲ್ಲಿದ್ದ ವಾಹನಗಳಲ್ಲಿ ದೊಡ್ಡ ಪಾಲು ಬಳಕೆಯಲ್ಲೇ ಇಲ್ಲ ಎಂದು ಕಂಡುಬಂದಿತು.

ಇದು ಒಂದು ಬದಿಯ ತಪ್ಪು. ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಖಾಸಗಿ ವಾಹನದ ಆರ್‌ಸಿಗೆ 15 ವರ್ಷದ ಆಯಸ್ಸು, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 1984ರಲ್ಲಿ ಕೊಂಡ ಡಾಲ್ಫಿನ್ ಅನ್ನು ಶೆಡ್ಡಿನಲ್ಲಿ ಟಾರ್ಪಾಲು ಹೊದಿಸಿ ನಿಲ್ಲಿಸಿದ ಮನೆಯವರು 1999ರಲ್ಲಿ ನವೀಕರಣಕ್ಕೆ ಹೋಗದೆ ಇದ್ದಿರಬಹುದು. ಕಾರು ಇದೆ, ಆರ್‌ಸಿಗೆ ಜೀವವಿಲ್ಲ. ಕೈಬರಹದ ಆರ್‌ಸಿ ಪುಸ್ತಕಗಳನ್ನು ಕಂಪ್ಯೂಟರಿಗೆ ಸೇರಿಸುವಾಗಲೂ ಹೀಗೇ. ಮಾಲೀಕರು ಬಂದು ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಿದ ಹಳೆಯ ಗಾಡಿ ‘ವಾಹನ್’ ವ್ಯವಸ್ಥೆಯೊಳಗೆ ಬರುತ್ತದೆ, ಯಾರೂ ಬಾರದಿದ್ದರೆ ಹೊರಗೆ ಉಳಿಯುತ್ತದೆ.

ಮೂರನೆಯ ತೊಡಕು ಗಾಡಿ ಊರು ಬದಲಿಸಿದಾಗಿನದು. 1989ಕ್ಕೆ ಮುಂಚೆ ಕರ್ನಾಟಕದ ನಂಬರ್ ಪ್ಲೇಟುಗಳಲ್ಲಿ ‘ಎಂವೈ’, ‘ಸಿಎ’ ಮೊದಲಾದ ಅಕ್ಷರಗಳಿದ್ದವು, ಆಮೇಲೆ ‘ಕೆಎ’ ಬಂತು. ಬೆಂಗಳೂರಿನಲ್ಲಿ ನೋಂದಣಿಯಾದ ಕಾರು ಎನ್‌ಒಸಿ ಪಡೆದು ನಾಶಿಕ್‌ಗೆ ಹೋದರೆ ಎಂಎಚ್ 15 ಆಗುತ್ತದೆ, ಅಲ್ಲಿಂದ ಛತ್ರಪತಿ ಸಂಭಾಜಿನಗರಕ್ಕೆ ಹೋದರೂ ಎಂಎಚ್ 15 ಆಗಿಯೇ ಓಡಾಡಬಹುದು. ಬೆಂಗಳೂರಿನ ಪುಸ್ತಕದಲ್ಲಿ ಹಳೆಯ ನಂಬರು ಅಳಿಸದೆ ಉಳಿದಿದ್ದರೆ ಒಂದೇ ಕಾರು ಎರಡು ಊರಿನಲ್ಲಿ ಬದುಕಿದ ಹಾಗಾಯಿತು.

ಬ್ರಿಟನ್ ಈ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿದೆ. ಅಲ್ಲಿ 1998ರಿಂದ ಕಾರನ್ನು ರಸ್ತೆಗೆ ಇಳಿಸದೆ ಇಟ್ಟುಕೊಳ್ಳುವವರೂ ‘ಇದು ರಸ್ತೆಯಲ್ಲಿಲ್ಲ’ ಎಂದು ಸರ್ಕಾರಕ್ಕೆ ಬರೆದುಕೊಡಬೇಕು. ಆದ್ದರಿಂದ ಒಂದು ಮಾದರಿಯ ಎಷ್ಟು ಕಾರು ಓಡುತ್ತಿವೆ, ಎಷ್ಟು ಶೆಡ್ಡಿನಲ್ಲಿವೆ ಎಂಬ ಎರಡೂ ಅಂಕಿಗಳು ಮೂರು ತಿಂಗಳಿಗೊಮ್ಮೆ ಪ್ರಕಟವಾಗುತ್ತವೆ. ಡಾಲ್ಫಿನ್‌ನ ಇಂಗ್ಲಿಷ್ ಅಕ್ಕ ಕಿಟನ್‌ಗೆ ಇಂಥ ಲೆಕ್ಕ ಉಂಟು, ತಂಗಿಗೆ ಇಲ್ಲ. ಅಲ್ಲಿಯೂ ಪುಸ್ತಕ ಪೂರ್ಣವೇನಲ್ಲ. ಹಳೆಯ ಕಾಗದದ ದಾಖಲೆಗಳನ್ನು ಕೇಂದ್ರ ಕಂಪ್ಯೂಟರಿಗೆ ವರ್ಗಾಯಿಸಲು 1983ರ ನವೆಂಬರ್ ಕೊನೆಯ ಗಡುವಾಗಿತ್ತು. ಆ ಗಡುವು ತಪ್ಪಿಸಿಕೊಂಡ ಎಷ್ಟೋ ಕಾರುಗಳು ಇದ್ದೂ ಇಲ್ಲದಂತಾದವು.

ಕಾಯಿ ಎಷ್ಟು ಬಿಟ್ಟಿತ್ತು?

ಉಳಿದದ್ದನ್ನು ಹೇಳುವ ಮೊದಲು ಹುಟ್ಟಿದ್ದು ಎಷ್ಟು ಎಂದು ಗೊತ್ತಿರಬೇಕು. ಕಂಪನಿಯ ತಯಾರಿಕಾ ಪುಸ್ತಕ ಕೈಗೆ ಸಿಗದ ಮಾದರಿಗೆ ಒಂದು ಸೊಗಸಾದ ಉಪಾಯವಿದೆ. ಅದು ಹುಟ್ಟಿದ್ದು ಯುದ್ಧಕಾಲದಲ್ಲಿ.

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ತಿಂಗಳಿಗೆ ಎಷ್ಟು ಟ್ಯಾಂಕ್ ತಯಾರಿಸುತ್ತಿದೆ ಎಂದು ಮಿತ್ರಪಡೆಗಳಿಗೆ ತಿಳಿಯಬೇಕಿತ್ತು. ಗೂಢಚಾರರು 1942ರ ಆಗಸ್ಟ್ ತಿಂಗಳಿಗೆ 1,550 ಎಂದರು. ಸಂಖ್ಯಾಶಾಸ್ತ್ರಜ್ಞರು ವಶಪಡಿಸಿಕೊಂಡ ಟ್ಯಾಂಕುಗಳ ಗೇರ್‌ಬಾಕ್ಸ್ ಮತ್ತಿತರ ಭಾಗಗಳ ಮೇಲಿದ್ದ ಕ್ರಮಸಂಖ್ಯೆಗಳನ್ನು ಬರೆದುಕೊಂಡು 327 ಎಂದರು. ಯುದ್ಧ ಮುಗಿದ ಮೇಲೆ ಜರ್ಮನಿಯ ದಾಖಲೆ ತೆರೆದು ನೋಡಿದರೆ 342. ಸೂತ್ರ ಸರಳ: ಕಂಡ ಅತಿ ದೊಡ್ಡ ಕ್ರಮಸಂಖ್ಯೆಯನ್ನು ಕಂಡ ಗಾಡಿಗಳ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಆ ದೊಡ್ಡ ಸಂಖ್ಯೆಗೇ ಕೂಡಿಸಿ, ಒಂದು ಕಳೆಯಬೇಕು. ಒಂದು ಮಾದರಿಯ ಹತ್ತು ಕಾರುಗಳ ಚಾಸಿ ನಂಬರು ನೋಡಿದಾಗ ಅತಿ ದೊಡ್ಡದು 900 ಎಂದಿಟ್ಟುಕೊಳ್ಳಿ. 900ಕ್ಕೆ 90 ಕೂಡಿಸಿ ಒಂದು ಕಳೆದರೆ 989. ತಯಾರಾದದ್ದು ಸುಮಾರು ಅಷ್ಟು.

ಇಲ್ಲಿ ಎರಡು ಎಚ್ಚರಿಕೆ ಬೇಕು. ಕಂಪನಿಗಳು ಕ್ರಮಸಂಖ್ಯೆಯನ್ನು ಒಂದರಿಂದಲೇ ಶುರುಮಾಡುತ್ತವೆ ಎಂದೇನಿಲ್ಲ. ಹೊಸ ಮಾದರಿ ಬಂದಾಗ ನೂರು, ಸಾವಿರ ಹಾರಿಸುವುದೂ ಉಂಟು. ಎರಡನೆಯದು, ಈ ಲೆಕ್ಕ ಹೇಳುವುದು ಹುಟ್ಟಿದವರ ಸಂಖ್ಯೆ. ಉಳಿದವರನ್ನು ಹೇಳಲು ಅದರಿಂದ ಸಾವನ್ನು ಕಳೆಯಬೇಕು.

ಕಳೆಯುವುದು ಹೇಗೆ? ವರ್ಷಕ್ಕೆ ಇಂತಿಷ್ಟು ಪಾಲು ಗಾಡಿ ಸಾಯುತ್ತದೆ ಎಂದು ಹಿಡಿದು ಹಿಂದಿನಿಂದ ಲೆಕ್ಕ ಹಾಕುವುದು ರೂಢಿ. ಸಾವಿರ ಕಾರು ಹುಟ್ಟಿ, ವರ್ಷಕ್ಕೆ ನೂರಕ್ಕೆ ಹತ್ತರಂತೆ ಸತ್ತರೆ 40 ವರ್ಷದ ಬಳಿಕ ಉಳಿಯುವುದು ಸುಮಾರು 15. ನೂರಕ್ಕೆ ಐದರಂತೆ ಸತ್ತರೆ ಸುಮಾರು 128. ಊಹೆಯನ್ನು ಅರ್ಧ ಮಾಡಿದ್ದಕ್ಕೆ ಉತ್ತರ ಎಂಟು ಪಟ್ಟಿಗೂ ಮೀರಿ ಹಿಗ್ಗಿತು. ಸಾಲದ್ದಕ್ಕೆ ಕಾರಿನ ಸಾವು ಪ್ರತಿ ವರ್ಷ ಒಂದೇ ಸಮನಾಗಿಯೂ ಇರುವುದಿಲ್ಲ. ಮೊದಲ ಹತ್ತು ವರ್ಷ ಅಪಘಾತದಿಂದ ಕೆಲವು ಹೋಗುತ್ತವೆ. ಹದಿನೈದರಿಂದ ಇಪ್ಪತ್ತೈದರ ನಡುವೆ ರಿಪೇರಿ ಖರ್ಚು ಗಾಡಿಯ ಬೆಲೆಯನ್ನು ಮೀರಿದಾಗ ರಾಶಿರಾಶಿಯಾಗಿ ಹೋಗುತ್ತವೆ. ಆ ಗಂಡಾಂತರ ದಾಟಿದ್ದು ಯಾರದೋ ಪ್ರೀತಿಗೆ ಪಾತ್ರವಾಗಿ ಬಹುಕಾಲ ಬಾಳುತ್ತದೆ. ಹಳ್ಳಿಯ ಅಜ್ಜಿಯರ ಹಾಗೆ: ಎಂಬತ್ತು ದಾಟಿದವರು ತೊಂಬತ್ತನ್ನೂ ನೋಡುತ್ತಾರೆ.

ಗುಜರಿಯವರು ಬೇಡವೆಂದ ಮೈ

ಡಾಲ್ಫಿನ್‌ನ ಸಾವಿಗೆ ಅದರದೇ ಬಗೆಯಿದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂಥ ಉಕ್ಕಿನ ಕಾರು ಹಳತಾದಾಗ ಅದಕ್ಕೆ ತೂಕದ ಬೆಲೆ ಇರುತ್ತದೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಎಂಜಿನ್, ಗೇರ್‌ಬಾಕ್ಸ್ ಬೇರೆಯಾಗಿ, ಮೈ ತುಂಡಾಗಿ ಕುಲುಮೆಗೆ ಹೋಗುತ್ತದೆ. ಅಲ್ಲಿಗೆ ಆ ಕಾರಿನ ಗುರುತೇ ಉಳಿಯುವುದಿಲ್ಲ. ಫೈಬರ್ ಕರಗುವುದಿಲ್ಲ. ಅದಕ್ಕೆ ತೂಕದ ಬೆಲೆಯೂ ಇಲ್ಲ. ಅದು ತುಕ್ಕೂ ಹಿಡಿಯುವುದಿಲ್ಲ. ಹೀಗಾಗಿ ಡಾಲ್ಫಿನ್ ಸತ್ತಾಗ ಗುಜರಿಯವರಿಗೆ ಬೇಕಾದದ್ದು ಉಕ್ಕಿನ ಚಾಸಿ ಮತ್ತು ಅಲ್ಯುಮಿನಿಯಂ ಎಂಜಿನ್. ಮೈ ತೋಟದ ಮೂಲೆಯಲ್ಲಿ, ಗ್ಯಾರೇಜಿನ ಹಿತ್ತಿಲಲ್ಲಿ ಕೋಳಿಗಳಿಗೆ ನೆರಳಾಗಿ ಬಿದ್ದಿರಬಹುದು.

ಎಣಿಸುವವರಿಗೆ ಇದು ವಿಚಿತ್ರ ಪೇಚು. ಕಾನೂನಿನ ಕಣ್ಣಿಗೆ ಕಾರು ಎಂದರೆ ಚಾಸಿ ನಂಬರು, ದಾರಿಹೋಕರ ಕಣ್ಣಿಗೆ ಕಾರು ಎಂದರೆ ಮೈ. ಡಾಲ್ಫಿನ್ ವಿಷಯದಲ್ಲಿ ನಂಬರು ಕುಲುಮೆಗೆ ಹೋಗಿ, ಹೆಸರಿಲ್ಲದ ಮೈ ಉಳಿಯುವುದು ಸಾಧ್ಯ. ಒಂದು ಓಡುವ ಕಾರಿನ ಹಿಂದೆ ಎರಡು ಮೂರು ಓಡದ ಕಾರುಗಳು ಬಿಡಿಭಾಗ ಕೊಟ್ಟು ಸಂದಿರುತ್ತವೆ ಎಂಬುದೂ ಇದಕ್ಕೆ ಸೇರಿಕೊಳ್ಳುತ್ತದೆ. ಜೆಸಿ ರಸ್ತೆಯ ಅಂಗಡಿಗಳಲ್ಲಿ ಅಂಬಾಸಿಡರ್ ಭಾಗ ಕೇಳಿದರೆ ಸಿಕ್ಕೀತು. ತಯಾರಕರೇ ಕಣದಿಂದ ಸರಿದ ಕಾರಿಗೆ ಭಾಗ ಸಿಗುವುದು ಅದರ ಒಡಹುಟ್ಟಿದ ಕಾರುಗಳಿಂದ. ಹತ್ತು ‘ಉಳಿದಿವೆ’ ಎಂದವರೂ ನೂರು ‘ಉಳಿದಿವೆ’ ಎಂದವರೂ ಇಲ್ಲಿ ಇಬ್ಬರೂ ಸರಿಯಿರಬಹುದು.

ನಾಗರಹೊಳೆಯ ಪಾಠ

ಕಣ್ಣಿಗೆ ಬೀಳದವನ್ನೂ ಲೆಕ್ಕಕ್ಕೆ ತರುವ ವಿದ್ಯೆಯನ್ನು ಕನ್ನಡನಾಡಿನ ಕಾಡು ಚೆನ್ನಾಗಿ ಬಲ್ಲದು. ದೇಶದಲ್ಲಿ ದಶಕಗಳ ಕಾಲ ಹುಲಿಗಳನ್ನು ಹೆಜ್ಜೆಗುರುತಿನಿಂದ ಎಣಿಸುತ್ತಿದ್ದರು. ಪ್ರತಿ ಹೆಜ್ಜೆಯ ಮಾಲೀಕನನ್ನು ಗುರುತಿಸಬಲ್ಲೆವು, ಒಂದೂ ತಪ್ಪುವುದಿಲ್ಲ ಎಂಬ ನಂಬಿಕೆಯ ಮೇಲೆ ಆ ಎಣಿಕೆ ನಿಂತಿತ್ತು. ಉಲ್ಲಾಸ ಕಾರಂತರು ಅದನ್ನು ಪ್ರಶ್ನಿಸಿದರು. ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ, ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಬೇರೆಬೇರೆಯಾಗಿ ಗುರುತಿಸಿ, ಸಿಕ್ಕಿದ್ದೇ ಮತ್ತೆ ಎಷ್ಟು ಸಲ ಸಿಗುತ್ತದೆ ಎಂಬುದರಿಂದ ಸಿಗದವುಗಳ ಸಂಖ್ಯೆಯನ್ನು ಅಂದಾಜಿಸುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. 2005ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದು ಕಾಡಿನಲ್ಲಿ ಒಂದೂ ಇಲ್ಲ ಎಂದು ಬಯಲಾದ ಮೇಲೆ ದೇಶವೂ ಲೆಕ್ಕದ ದಾರಿ ಬದಲಿಸಿತು. ಹಳೆಯ ಪದ್ಧತಿಯಲ್ಲಿ 3,642 ಇದ್ದ ಹುಲಿಗಳು 2006ರ ಹೊಸ ಅಂದಾಜಿನಲ್ಲಿ 1,411 ಆದವು. ಆ ಸಂಖ್ಯೆಯ ಜೊತೆಗೆ 1,165ರಿಂದ 1,657ರವರೆಗೆ ಎಂಬ ಮಿತಿಯನ್ನೂ ಕೊಟ್ಟಿದ್ದರು. ಲೆಕ್ಕ ಎಷ್ಟು ಸಡಿಲ ಎಂದು ಲೆಕ್ಕವೇ ಹೇಳಿದ್ದು ಅದರ ದೊಡ್ಡ ಗುಣ.

ಈ ವಿದ್ಯೆಗೆ ಭಾರತದಲ್ಲಿ ಇನ್ನೂ ಹಳೆಯ ಬೇರಿದೆ. ಕಲ್ಕತ್ತೆಯ ಹತ್ತಿರದ ಸಿಂಗೂರಿನಲ್ಲಿ ಹುಟ್ಟು-ಸಾವಿನ ನೋಂದಣಿ ಎಷ್ಟು ಪೂರ್ಣವಾಗಿದೆ ಎಂದು ತಿಳಿಯಲು ಸಿ. ಚಂದ್ರಶೇಖರನ್ ಮತ್ತು ಅಮೆರಿಕದ ಡಬ್ಲ್ಯೂ. ಎಡ್ವರ್ಡ್ಸ್ ಡೆಮಿಂಗ್ 1949ರಲ್ಲಿ ಎರಡು ಪಟ್ಟಿಗಳ ವಿಧಾನ ಮುಂದಿಟ್ಟರು. ನೋಂದಣಿದಾರರ ಪಟ್ಟಿ ಒಂದು, ಮನೆಮನೆಗೆ ಹೋಗಿ ಮಾಡಿದ ಪಟ್ಟಿ ಇನ್ನೊಂದು. ಎರಡರಲ್ಲೂ ಇರುವ ಹೆಸರುಗಳು ಎಷ್ಟು ಎಂಬುದರಿಂದ ಎರಡರಲ್ಲೂ ಇಲ್ಲದವು ಎಷ್ಟು ಎಂದು ಊಹಿಸಬಹುದು.

ಕಾರಿಗೆ ಇದು ಹುಲಿಗಿಂತ ಸುಲಭ, ಪಟ್ಟೆಯ ಬದಲು ನಂಬರ್ ಪ್ಲೇಟ್ ಇದೆ. ಉದಾಹರಣೆಗೆ, ಒಂದು ವರ್ಷ ಹಳೆಯ ಕಾರುಗಳ ಪ್ರದರ್ಶನಗಳಲ್ಲಿ ಕಂಡ 20 ಡಾಲ್ಫಿನ್‌ಗಳ ನಂಬರು ಬರೆದುಕೊಂಡರು ಎಂದುಕೊಳ್ಳೋಣ. ಬೇರೆ ಯಾರೋ ಗ್ಯಾರೇಜುಗಳನ್ನು ಸುತ್ತಿ 25ರ ಪಟ್ಟಿ ಮಾಡಿದರು. ಎರಡೂ ಪಟ್ಟಿಯಲ್ಲಿ 10 ಕಾರು ಸಾಮಾನ್ಯವಾಗಿದ್ದರೆ, 20ನ್ನು 25ರಿಂದ ಗುಣಿಸಿ 10ರಿಂದ ಭಾಗಿಸಬೇಕು: ಒಟ್ಟು ಸುಮಾರು 50. ಕಂಡದ್ದು 35, ಕಾಣದೆ ಉಳಿದದ್ದು 15. ಅಂಕಿಗಳು ವಿವರಿಸುವುದಕ್ಕಾಗಿ ಊಹಿಸಿದವು, ವಿಧಾನ ನಿಜ.

ಬಲೆ ಇರುವುದು ‘ಎರಡು ಪಟ್ಟಿ’ ಎಂಬ ಮಾತಿನಲ್ಲಿ. ಈ ವರ್ಷದ ಪ್ರದರ್ಶನ, ಮುಂದಿನ ವರ್ಷದ ಪ್ರದರ್ಶನ ಎಂದು ಪಟ್ಟಿ ಮಾಡಿದರೆ ಅವೇ ಬಣ್ಣ ಹಚ್ಚಿದ, ಅವೇ ಹೊಳೆಯುವ ಕಾರುಗಳು ಮತ್ತೆ ಮತ್ತೆ ಬರುತ್ತವೆ. ಎರಡು ಪಟ್ಟಿ ಒಂದರ ನೆರಳು ಇನ್ನೊಂದಾಗಿ, ಉತ್ತರ ಕುಗ್ಗುತ್ತದೆ. ಹಾಸನದ ತೋಟದ ಮನೆಯ ಶೆಡ್ಡಿನಲ್ಲಿ ಇರಬಹುದಾದ ಕಾರು ಯಾವ ಪ್ರದರ್ಶನಕ್ಕೂ ಬರುವುದಿಲ್ಲ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳ ಅಭಿಮಾನಿಗಳು ಜಾವಾ-ಯೆಜ್ದಿ ದಿನ ಆಚರಿಸುತ್ತಾರೆ. ಆ ದಿನ ರಸ್ತೆಗಿಳಿದ ಬೈಕುಗಳನ್ನು ಎಣಿಸಿದರೆ ಪ್ರೀತಿಸಿಕೊಂಡ ಬೈಕುಗಳು ಸಿಗುತ್ತವೆ, ಹಾಲಿನ ಕ್ಯಾನು ಹೊತ್ತು ಹಳ್ಳಿಯಲ್ಲಿ ಇನ್ನೂ ದುಡಿಯುತ್ತಿರುವ ಯೆಜ್ದಿ ಸಿಗುವುದಿಲ್ಲ. ಚಂದ್ರಶೇಖರನ್ ಮತ್ತು ಡೆಮಿಂಗ್ ಇದಕ್ಕೆ ಪರಿಹಾರವನ್ನೂ ಸೂಚಿಸಿದ್ದರು: ಎಲ್ಲವನ್ನೂ ಒಂದೇ ರಾಶಿ ಮಾಡದೆ, ಗುಂಪುಗುಂಪಾಗಿ ಬಿಡಿಸಿ ಬೇರೆಬೇರೆ ಲೆಕ್ಕ ಹಾಕಿ ಕೊನೆಗೆ ಕೂಡಿಸುವುದು. ಕಾರಿನ ವಿಷಯದಲ್ಲಿ ನಗರದವು ಬೇರೆ, ಹಳ್ಳಿಯವು ಬೇರೆ. ಸಂಗ್ರಾಹಕರವು ಬೇರೆ, ಮೊದಲ ಮಾಲೀಕರ ಮನೆಯಲ್ಲೇ ಉಳಿದವು ಬೇರೆ.

ಹದಿನೈದಕ್ಕೂ ಐವತ್ತಕ್ಕೂ ನಡುವೆ

ಇಷ್ಟೆಲ್ಲ ಲೆಕ್ಕ ಯಾಕೆ ಎಂದು ಕೇಳುವವರಿಗೆ ಉತ್ತರ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಲ್ಲಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಮೈ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆಯಾಗದ ವಾಹನಕ್ಕೆ ‘ವಿಂಟೇಜ್’ ಎಂಬ ಮಾನ್ಯತೆ ಸಿಗುತ್ತದೆ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ಮುಂದೆ ‘ವಿಎ’ ಎಂದು ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ಮರುನೋಂದಣಿಗೆ 5,000 ರೂಪಾಯಿ. ನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ, ರಿಪೇರಿಗೆ ಹೊರತೆಗೆಯಬಹುದು.

ಇನ್ನೊಂದು ಬದಿಯಲ್ಲಿ ಅದೇ ವರ್ಷದ ಆಗಸ್ಟಿನಲ್ಲಿ ಗುಜರಿ ನೀತಿ ಜಾರಿಗೆ ಬಂತು. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಿಸುವ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಹಳೆಯದನ್ನು ಬಿಡಿ ಎಂಬುದು ಅದರ ಸ್ಪಷ್ಟ ಸೂಚನೆ. ಹೊಗೆ ಉಗುಳುವ ಸಾವಿರಾರು ಗಾಡಿಗಳ ದೃಷ್ಟಿಯಿಂದ ಅದರಲ್ಲಿ ಅರ್ಥವೂ ಇದೆ.

ಈಗ ಡಾಲ್ಫಿನ್‌ನ ವಯಸ್ಸನ್ನು ಇವೆರಡರ ನಡುವೆ ಇಟ್ಟು ನೋಡಿ. 1982ರ ಕಾರಿಗೆ ಐವತ್ತು ತುಂಬುವುದು 2032ರಲ್ಲಿ. 1986ರ ಕಾರಿಗೆ 2036ರಲ್ಲಿ. ಹದಿನೈದರಿಂದ ಐವತ್ತರವರೆಗಿನ ಮೂವತ್ತೈದು ವರ್ಷ ಅದು ಕಾನೂನಿನ ಕಣ್ಣಿಗೆ ಪರಂಪರೆಯಲ್ಲ, ಹಳೆ ಗಾಡಿ. ಮೂರು ಚಕ್ರದ ಬಾದಲ್‌ನ ಪಾಡು ಇನ್ನೂ ಹದವಾಗಿಲ್ಲ. ವಯಸ್ಸಿನಲ್ಲಿ ಅದು ಐವತ್ತರ ಹೊಸ್ತಿಲಿನಲ್ಲಿದೆ, ಆದರೆ ವಿಂಟೇಜ್ ನಿಯಮ ಬರೆದಿರುವುದು ಎರಡು ಮತ್ತು ನಾಲ್ಕು ಚಕ್ರದ ವಾಹನಗಳಿಗೆ.

ರಾಜಮನೆತನಗಳ ರೋಲ್ಸ್‌ರಾಯ್ಸ್‌ಗಳಿಗೆ ಈ ಭಯವಿಲ್ಲ. ಅವುಗಳ ಚಾಸಿ ನಂಬರು, ಕೊಂಡವರ ಹೆಸರು, ಕೈ ಬದಲಾದ ಬಗೆ ಎಲ್ಲವನ್ನೂ ಇತಿಹಾಸಕಾರರು ಬರೆದಿಟ್ಟಿದ್ದಾರೆ. ಧರ್ಮಸ್ಥಳದ ಮಂಜೂಷಾ, ಶ್ರೀರಂಗಪಟ್ಟಣದ ಬಳಿಯ ಪಯಣ ಮೊದಲಾದ ಸಂಗ್ರಹಾಲಯಗಳಲ್ಲಿ ಹಳೆಯ ಕಾರುಗಳಿಗೆ ಸೂರು ಸಿಕ್ಕಿದೆ. ಎಣಿಕೆಯಿಲ್ಲದೆ ಕಳೆದುಹೋಗುವುದು ಮಧ್ಯಮ ವರ್ಗದ ಕಾರು: ಬ್ಯಾಂಕ್ ನೌಕರರು, ಮೇಷ್ಟ್ರು, ಸಣ್ಣ ವ್ಯಾಪಾರಿಗಳು ಕಂತು ಕಟ್ಟಿ ಕೊಂಡಂಥದ್ದು. ಸರ್ಕಾರದ ಲೈಸೆನ್ಸ್ ಇಲ್ಲದೆ ಕಾರ್ಖಾನೆ ತೆರೆಯಲಾಗದ ಕಾಲದಲ್ಲಿ ಬೆಂಗಳೂರಿನ ಒಂದು ಸಣ್ಣ ಕಂಪನಿ ಕಾರು ಮಾಡುವ ಧೈರ್ಯ ಮಾಡಿತ್ತು ಎಂಬುದಕ್ಕೆ ಇವು ಸಾಕ್ಷಿ. ಅಂಥ ಸಾಕ್ಷಿಯಲ್ಲಿ ಹತ್ತು ಉಳಿದಿದ್ದರೆ ಒಂದನ್ನು ಕಾಪಾಡುವ ರೀತಿ ಬೇರೆ, ನೂರು ಉಳಿದಿದ್ದರೆ ಬೇರೆ. ಹತ್ತೇ ಇದ್ದರೆ ಬಿಡಿಭಾಗಕ್ಕೆಂದು ಒಂದನ್ನು ಬಿಚ್ಚುವುದೂ ನಷ್ಟ. ನೂರಿದ್ದರೆ ಬಿಚ್ಚಿದ್ದರಿಂದ ಮೂರು ಬದುಕಬಹುದು.

ಇದಕ್ಕೆ ಬೇಕಾದ ಎಣಿಕೆಗೆ ದೊಡ್ಡ ಇಲಾಖೆಯೇನೂ ಬೇಡ. ಒಂದು ಪಟ್ಟಿ, ಅದರಲ್ಲಿ ಪ್ರತಿ ಕಾರಿಗೆ ಚಾಸಿ ನಂಬರು, ಕಂಡ ಊರು, ಕಂಡ ವರ್ಷ, ಮತ್ತು ಮೂರು ಪ್ರಶ್ನೆ: ಆರ್‌ಸಿಗೆ ಜೀವ ಇದೆಯೇ, ಚಾಸಿ ಮತ್ತು ಮೈ ಒಟ್ಟಿಗಿವೆಯೇ, ಓಡುತ್ತದೆಯೇ. ಪಟ್ಟಿ ಮಾಡುವವರು ಇಬ್ಬರಿರಲಿ, ಒಬ್ಬರು ಇನ್ನೊಬ್ಬರ ಪಟ್ಟಿಯನ್ನು ಮುಗಿಯುವವರೆಗೆ ನೋಡದಿರಲಿ. ಆಮೇಲೆ ಹೋಲಿಸಿ ಬಂದ ಸಂಖ್ಯೆಯನ್ನು ‘ಇಷ್ಟರಿಂದ ಇಷ್ಟರವರೆಗೆ’ ಎಂದೇ ಬರೆಯಲಿ. ಆರ್‌ಸಿ ತಪ್ಪಿಹೋದ ಕಾರಿನ ಮಾಲೀಕರು ಕಾಗದ ಸರಿಮಾಡಿಸಿಕೊಳ್ಳಲು, ಮೈ ಮಾತ್ರ ಉಳಿದ ಕಡೆ ಅದಕ್ಕೆ ಹೊಂದುವ ಚಾಸಿ ಹುಡುಕಲು 2032ರವರೆಗೆ ಸಮಯವಿದೆ. ಆ ವರ್ಷ ಬೆಂಗಳೂರಿನ ಯಾವುದಾದರೂ ಆರ್‌ಟಿಓ ಕಚೇರಿಯಲ್ಲಿ ಒಂದು ಡಾಲ್ಫಿನ್‌ಗೆ ‘ಕೆಎ ವಿಎ’ ಎಂದು ಶುರುವಾಗುವ ಫಲಕ ಸಿಗಬೇಕಾದರೆ, ಅದರ ಹೆಸರು ಅಷ್ಟರೊಳಗೆ ಯಾರದಾದರೂ ಪಟ್ಟಿಯಲ್ಲಿ ಇರಬೇಕು.